ಕೊಯ್ದ ತಾಮ್ರದ ಕೊಳವೆ ಮತ್ತು ನನ್ನ ಸುಳ್ಳು ಅರ್ಜಿ

ಮಾನ್ಯ ಅಧಿಕಾರಿಗಳೇ,

ಮಲ್ಲಿಕಾಂಬನವರ ಮನೆಯ ಎರಡು ತಾಮ್ರದ ಕೊಳವೆಗಳನ್ನು ಸಂಶೋಧನಾ ರಿಯಾಕ್ಟರಿಗೆ ಒಯ್ಯಕೂಡದೆಂಬ ನಿಮ್ಮ ಆದೇಶ ತಪ್ಪು. ಅದಕ್ಕೆ ಆಧಾರವಾದ ಅರ್ಜಿ ಸುಳ್ಳು. ಬರೆದವನು ನಾನೇ. ನಮ್ಮ ಶಾಲೆಯ ಪ್ರಯೋಗಾಲಯದ ಸೂರು ಸೋರುತ್ತಿದೆಯೆಂದು ಹಿಂದೆ ನಿಮಗೇ ಏಳು ಸಲ ಬರೆದಿದ್ದೆ. ಏಳೂ ಸತ್ಯ, ಒಂದಕ್ಕೂ ಉತ್ತರವಿಲ್ಲ. ಸುಳ್ಳಿಗೆ ಮಾತ್ರ ಮೂರೇ ದಿನದಲ್ಲಿ ಮೊಹರು ಬಿತ್ತು. ನಿಮ್ಮ ದಕ್ಷತೆಯನ್ನು ಹೊಗಳಲೇ, ನನ್ನ ಬರವಣಿಗೆಯನ್ನೇ?

ಮಲ್ಲಿಕಾಂಬನವರದು ಮಠಕ್ಕೆ ಓಲೆ ಬರೆದುಕೊಡುತ್ತಿದ್ದ ಮನೆತನ. ಹಿಂದಿನವರು ಬಾಯಿಗೆ ಬೆಸುಗೆ ಹಾಕಿಟ್ಟ ಆ ಕೊಳವೆಗಳಲ್ಲಿ ತಾಳೆಗರಿ ಇದೆಯೆಂದು ನಂಬಿಕೆ. ಕಡೂರಿನ ಶ್ರೀಜಾ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ಈಗ ಸಂಶೋಧಕಿ. ತೆರೆಯದೆಯೇ ಒಳಗನ್ನು ನೋಡಬಹುದೆಂದು ಹೇಳಲು ಅವಳು ಮಲ್ಲಿಕಾಂಬನವರ ಮನೆಗೆ ಬಂದಳು, ಊರವರೂ ಸೇರಿದ್ದರು. ನ್ಯೂಟ್ರಾನ್‌ಗಳು ತಾಮ್ರವನ್ನು ದಾಟುತ್ತವೆ, ಗರಿಯಲ್ಲಿರುವ ಹೈಡ್ರೋಜನ್ ಅವನ್ನು ಚದುರಿಸುತ್ತದೆ, ಹಾಗಾಗಿ ಗರಿಯ ಚಿತ್ರ ಮೂಡುತ್ತದೆ ಎಂದಳು. ರಿಯಾಕ್ಟರ್ ಎಂದರೆ ಕರೆಂಟ್ ತಯಾರಿಸುವ ಜಾಗ, ಅಲ್ಲಿ ಇದಕ್ಕೇನು ಕೆಲಸ ಎಂದು ನಾನು ಎಲ್ಲರ ಮುಂದೆ ಮೂದಲಿಸಿದೆ.

“ಇದು ಕರೆಂಟಿಗಲ್ಲ ಸರ್. ಅಲ್ಲಿ ಹುಟ್ಟೋ ಬಿಸೀನ ನೀರು ಹೊತ್ಕೊಂಡು ಹೋಗುತ್ತೆ, ಅದು ಯಾರಿಗೂ ಬೇಡ. ಬೇಕಾಗಿರೋದು ನ್ಯೂಟ್ರಾನ್ ಮಾತ್ರ.”

ಇಂಧನವನ್ನು ಚಿಕ್ಕ ಜಾಗದಲ್ಲಿ ಒತ್ತಾಗಿ ಜೋಡಿಸಿ, ಸುತ್ತ ಭಾರಜಲವಿಟ್ಟು ನ್ಯೂಟ್ರಾನ್‌ಗಳ ವೇಗ ತಗ್ಗಿಸಿ, ದಪ್ಪ ಗೋಡೆಯಲ್ಲಿ ಕೂರಿಸಿದ ನಾಳಗಳಿಂದ ಪ್ರಯೋಗದ ಜಾಗಕ್ಕೆ ತರುತ್ತಾರಂತೆ. ಬೇಡದ ಕಿರಣ ನೇರವಾಗಿ ನುಗ್ಗಬಾರದೆಂದು ನಾಳಗಳನ್ನು ಇಂಧನಕ್ಕೆ ಎದುರಾಗಿಡದೆ ಪಕ್ಕಕ್ಕೆ ಇಡುತ್ತಾರಂತೆ. ತಾಮ್ರಕ್ಕೆ ತಗಲುವ ಅಲ್ಪ ವಿಕಿರಣ ಇಳಿದ ಮೇಲಷ್ಟೇ ವಾಪಸು ಕೊಡುತ್ತಾರೆಂಬುದನ್ನೂ ಅವಳು ಮುಚ್ಚಿಡಲಿಲ್ಲ. ಯಾರೋ ನನ್ನನ್ನು ನೋಡಿ ನಕ್ಕರು. ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವನಿಗೆ ಆ ನಗು ಸಹಿಸಲಾಗಲಿಲ್ಲ. ‘ವಿಕಿರಣ’ ಎಂಬ ಒಂದು ಮಾತನ್ನು ಹಿಡಿದು, ಊರಿಗೆ ವಿಷ ಬರುತ್ತದೆಂದು ನಿಮಗೆ ಬರೆದೆ. ನೀವಾದರೂ ಶ್ರೀಜಾಳನ್ನು ಒಂದು ಮಾತು ಕೇಳಬಾರದಿತ್ತೇ?

ಆದೇಶ ಬಂದ ಮೇಲೆ ಮಲ್ಲಿಕಾಂಬ ನಮ್ಮ ಮನೆಗೆ ಬಂದರು. ಒಂದನ್ನು ಗರಗಸದಲ್ಲಿ ಕೊಯ್ದು ನೋಡೋಣವೆಂದು ಮೈದುನ ಮುದ್ದಪ್ಪ ಹೇಳುತ್ತಿದ್ದಾನೆ, ಏನು ಮಾಡಲಿ ಎಂದು ಕೇಳಿದರು. ಕೊಯ್ಯಿಸಿ ಎಂದೆ. ಕೊಯ್ಯುವಾಗ ಪಕ್ಕದಲ್ಲೇ ಕೂತಿದ್ದೆ. ತಟ್ಟೆಗೆ ಬಿದ್ದದ್ದು ಕಂದು ಪುಡಿ ಮತ್ತು ಉಗುರಿನಗಲದ ನಾಲ್ಕು ಚೂರು. ಒಂದರ ಮೇಲೆ ಅಕ್ಷರಗಳಿದ್ದವು. ಎತ್ತಿಕೊಳ್ಳಲು ಹೋದೆ, ಬೆರಳಲ್ಲೇ ಉದುರಿತು.

“ನೀವು ಓದಿದೋರು ಅಂತ ಕೇಳ್ದೆ ಕಣ್ರೀ ಮೇಷ್ಟ್ರೆ,” ಎಂದರು ಮಲ್ಲಿಕಾಂಬ. ಬೈದಿದ್ದರೆ ಹಗುರಾಗುತ್ತಿತ್ತು.

ಶ್ರೀಜಾಳಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ. ಇನ್ನೊಂದನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ ಎಂದಷ್ಟೇ ಅವಳು ಹೇಳಿದಳು. ರಿಯಾಕ್ಟರಿನಲ್ಲಿ ಅವಳಿಗೆ ಸಿಕ್ಕಿರುವುದು ಮುಂದಿನ ತಿಂಗಳ ಮೂರು ದಿನ. ತಪ್ಪಿದರೆ ಮತ್ತೆ ಸರದಿ ಯಾವಾಗಲೋ.

ಆದ್ದರಿಂದ ಈ ವಾರದೊಳಗೆ ಆದೇಶವನ್ನು ರದ್ದುಮಾಡಿ. ಅರ್ಜಿದಾರ ಸುಳ್ಳು ಹೇಳಿದನೆಂದು ಕಾರಣದಲ್ಲಿ ನನ್ನ ಹೆಸರು ಹಾಕಿಯೇ ಬರೆಯಿರಿ. ವಿಚಾರಿಸದೆ ನಂಬಿದೆವೆಂದು ನಿಮ್ಮದೂ ಒಂದು ಸಾಲು ಇರಲಿ. ಉಳಿದ ಕೊಳವೆಯನ್ನು ಮಲ್ಲಿಕಾಂಬನವರೇ ಶ್ರೀಜಾಳ ಕೈಗೆ ಕೊಡಲಿ. ಆ ಹೊತ್ತಿಗೆ ನನ್ನನ್ನು ಕರೆಸಬೇಡಿ. ಅವರಿಬ್ಬರ ಎದುರು ನಿಲ್ಲುವ ಮುಖ ನನಗಿಲ್ಲ.

ಇಂತಿ,
ಗೊತ್ತಿಲ್ಲ ಎನ್ನುವುದನ್ನು ಕಲಿಯದ ಮೇಷ್ಟ್ರು,
ರುದ್ರಮೂರ್ತಿ
ಶಿವನಿ ಸ್ಟೇಷನ್ ಆಚೆಯ ಊರಿನಿಂದ