ನೂರಕ್ಕೆ ಆರು ಎಂದವರಿಗೆ

ಪ್ರವೇಶ ಮಂಡಳಿಯ ಅವಕಾಶ ಅಂದಾಜು ಶಾಖೆಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಕಳೆದ ವರ್ಷ ನಿಮ್ಮ ಶಾಖೆ ಕೊಟ್ಟ ಗೇಣುದ್ದದ ಚೀಟಿಯೊಂದನ್ನು ನಂಬಿ ನನ್ನ ಮಗಳು ತನಗೆ ಸಿಗಬೇಕಾಗಿದ್ದ ಇಂಜಿನಿಯರಿಂಗ್ ಕಾಲೇಜಿಗೆ ಅರ್ಜಿಯನ್ನೇ ಹಾಕಲಿಲ್ಲ. ಸೋತಿದ್ದರೆ ಸುಮ್ಮನಿರುತ್ತಿದ್ದೆ. ಆಟಕ್ಕೇ ಇಳಿಯದಂತೆ ಮಾಡಿ ಸೋಲಿಸುವ ನಿಮ್ಮ ಕೈಚಳಕವನ್ನು ನಾಲ್ಕು ಜನರ ಮುಂದೆ ಹೊಗಳದಿದ್ದರೆ ತಪ್ಪಾದೀತೆಂದು ಈ ಪತ್ರ ಬರೆಯುತ್ತಿದ್ದೇನೆ.

ಚೀಟಿಯೇನೋ ಮದುವೆಯ ಕರೆಯೋಲೆಯಷ್ಟು ಅಂದವಾಗಿತ್ತು. ನೀಲಿ ಅಂಚು, ದುಂಡನೆಯ ಮೊಹರು, ನಡುವೆ ದಪ್ಪಕ್ಷರದಲ್ಲಿ 'ಪ್ರವೇಶ ಸಾಧ್ಯತೆ: ನೂರಕ್ಕೆ ಆರು'. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ 'ವಾಸ್ತವಿಕ ಆಯ್ಕೆಗಳನ್ನು ಮಾಡಿಕೊಳ್ಳಲು ಸೂಚಿಸಲಾಗಿದೆ'. ಐದಲ್ಲ, ಏಳಲ್ಲ, ಆರು! ಪರೀಕ್ಷೆಯ ಫಲಿತಾಂಶ ಬರುವುದಕ್ಕೆ ಇನ್ನೂ ಮೂರು ವಾರವಿತ್ತು. ಹುಡುಗಿ ಬರೆದ ಉತ್ತರಗಳನ್ನು ಯಾರೂ ನೋಡಿರಲಿಲ್ಲ. ಆದರೂ ನಿಮಗೆ ಆರು ಎಂದು ಗೊತ್ತಾಗಿತ್ತು. ಇಷ್ಟು ದೂರದೃಷ್ಟಿ ಇರುವವರು ಒಂದು ಶಾಖೆಗಷ್ಟೇ ಅಧಿಕಾರಿಯಾಗಿ ಉಳಿದಿರುವುದು ನಮ್ಮೆಲ್ಲರ ದುರದೃಷ್ಟ.

ನಾನು ತಕ್ಕಡಿ, ತೂಕದ ಯಂತ್ರಗಳನ್ನು ರಿಪೇರಿ ಮಾಡುವವನು. ತರಕಾರಿ ಮಂಡಿಯ ಕಬ್ಬಿಣದ ತಕ್ಕಡಿಯಿಂದ ಹಿಡಿದು ಆಸ್ಪತ್ರೆಯಲ್ಲಿ ಎಳೆಗೂಸುಗಳನ್ನು ಮಲಗಿಸುವ ತೂಕದ ತೊಟ್ಟಿಲಿನವರೆಗೆ ಎಲ್ಲವೂ ನನ್ನ ಮೇಜಿನ ಮೇಲೆ ಬಂದಿವೆ. ನನ್ನ ಮಗಳಿಗೆ ಮನೆಯಲ್ಲಿ ಇಟ್ಟಿರುವ ಅಡ್ಡಹೆಸರು 'ಯಾಕಮ್ಮ'. ಮಾತು ಬಂದ ದಿನದಿಂದ ಅವಳದು ಒಂದೇ ಪ್ರಶ್ನೆ: ಯಾಕೆ? ಸ್ಪ್ರಿಂಗ್ ಯಾಕೆ ಸಡಿಲವಾಗುತ್ತೆ, ಮುಳ್ಳು ಯಾಕೆ ನಡುಗುತ್ತೆ, ಅಪ್ಪ ಯಾಕೆ ಗೊಣಗ್ತಾನೆ? ನಾನು ಕೈಬಿಟ್ಟಿದ್ದ ಯಂತ್ರವೊಂದನ್ನು ಹನ್ನೊಂದನೇ ವಯಸ್ಸಿಗೇ ಬಿಚ್ಚಿ, ಕುದುರಿಸಿ ಕೊಟ್ಟವಳು ಅವಳು. ಅಂಥವಳು ನಿಮ್ಮ ಚೀಟಿಯನ್ನು ಎರಡು ಸಲ ಓದಿ, ಮಡಿಚಿ, ಪುಸ್ತಕದೊಳಗಿಟ್ಟಳು. ಯಾಕೆ ಎಂದು ಕೇಳಲಿಲ್ಲ. ಹದಿನೆಂಟು ವರ್ಷಗಳಲ್ಲಿ ಅದೇ ಮೊದಲು.

ಅರ್ಜಿಯಲ್ಲಿ ಕಾಲೇಜುಗಳಿಗೆ ಇದ್ದದ್ದು ಮೂರೇ ಖಾನೆ. ಅಡುಗೆಮನೆಯ ನೆಲದ ಮೇಲೆ ಅದನ್ನು ಹರಡಿಕೊಂಡು ಕೂತಿದ್ದೆವು. ಬಟಾಣಿ ಬಿಡಿಸುತ್ತಿದ್ದ ನನ್ನ ತಾಯಿ ಕೇಳಿದಳು, "ಆ ದೊಡ್ಡ ಕಾಲೇಜು ಎಲ್ಲೋ?"

"ಬೇಡಮ್ಮ. ಆರೇ ಅಂತೆ. ತಿಳಿದೋರು ಲೆಕ್ಕ ಹಾಕಿ ಹೇಳಿದಾರೆ. ಸುಮ್ನೆ ಒಂದು ಖಾನೆ ದಂಡ."

"ಕೇಳೋಕೆ ಮುಂಚೆನೇ ಇಲ್ಲ ಅಂದ್ಕೊಳ್ಳೋದು ಯಾವ ಸೀಮೆ ಬುದ್ಧಿ ಕಣೋ? ಇಲ್ಲ ಅನ್ನೋದು ಅವರ ಕೆಲಸ. ಸಂಬಳ ಇಲ್ದೆ ನೀನ್ಯಾಕೆ ಮಾಡ್ತೀಯ?"

ಅಕ್ಷರ ಬಾರದ ಮುದುಕಿ, ಇವಳಿಗೇನು ಗೊತ್ತು ಎಂದುಕೊಂಡೆ. ಮಗಳು ನನ್ನ ಮುಖ ನೋಡಿದಳು. 'ಬರಿ, ನಾನಿದ್ದೀನಿ' ಎಂದು ಒಂದು ಮಾತು ಅಂದಿದ್ದರೆ ಬರೆಯುತ್ತಿದ್ದಳು. ನಾನು ಅನ್ನಲಿಲ್ಲ. ಅದರ ಹೊಣೆಯನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ, ಅದು ನನ್ನದೇ. ಮೂರು ಖಾನೆಗೂ ನೀವು 'ಖಚಿತ' ಎಂದು ಸೂಚಿಸಿದ ಕಾಲೇಜುಗಳೇ ಬಂದು ಕೂತವು.

ಮೂರು ವಾರದ ಮೇಲೆ ಫಲಿತಾಂಶ ಬಂತು. ಆ ದೊಡ್ಡ ಕಾಲೇಜಿನ ಕೊನೆಯ ಸೀಟು ಹೋದದ್ದು ಇನ್ನೂರ ಹನ್ನೊಂದು ಅಂಕಕ್ಕೆ. ನನ್ನ ಮಗಳದು ಇನ್ನೂರ ಇಪ್ಪತ್ತಾರು.

ಮಾರನೆಯ ದಿನವೇ ಇಬ್ಬರೂ ನಿಮ್ಮ ಕಚೇರಿಗೆ ಬಂದೆವು. ನಿಮ್ಮ ಮೂರನೇ ಕೌಂಟರಿನ ಗಾಜಿನಲ್ಲಿ ಮಾತಾಡಲು ಬಿಟ್ಟಿರುವ ತೂತು ಎದೆಮಟ್ಟಕ್ಕಿದೆ. ಹಾಗಾಗಿ ಪ್ರಶ್ನೆ ಕೇಳುವವರೆಲ್ಲ ತಾವಾಗಿಯೇ ತಲೆ ಬಾಗುತ್ತಾರೆ. ಬಡಗಿಯ ಜಾಣತನಕ್ಕೆ ಶರಣು. ಒಳಗಿದ್ದ ಗುಮಾಸ್ತರು ಒಳ್ಳೆಯವರು. ಕಂಪ್ಯೂಟರ್ ನೋಡಿಯೇ ಉತ್ತರಿಸಿದರು.

"ನಿಮ್ಮ ಶಾಲೆಯಿಂದ ಹತ್ತು ವರ್ಷದಲ್ಲಿ ಒಬ್ಬರೂ ಆ ಕಾಲೇಜಿಗೆ ಸೇರಿಲ್ಲಮ್ಮ. ಅದಕ್ಕೇ ಕಡಿಮೆ ಬಂದಿದೆ."

"ಎಷ್ಟು ಜನ ಅರ್ಜಿ ಹಾಕಿದ್ರು?" ಎಂದಳು ಮಗಳು.

ಅವರು ಮತ್ತೆ ಕೀಲಿ ಒತ್ತಿದರು. "ಯಾರೂ ಹಾಕಿಲ್ಲ."

"ಯಾಕೆ?"

"ಚಾನ್ಸ್ ಕಡಿಮೆ ಇತ್ತಲ್ಲ!"

ಹೇಳಿ ಮುಗಿಸಿದ ಮೇಲೆ ಅವರಿಗೂ ಏನೋ ಹೊಳೆದಿರಬೇಕು, ಕನ್ನಡಕ ತೆಗೆದು ಒರೆಸತೊಡಗಿದರು. ಸ್ವಾಮಿ, ನನ್ನ ಅಂಗಡಿಯಲ್ಲಿ ಯಾರೂ ಹತ್ತದ ತೂಕದ ಯಂತ್ರ ಇಡೀ ದಿನ ಸೊನ್ನೆಯನ್ನೇ ತೋರಿಸುತ್ತದೆ. ಹಾಗೆಂದು ಈ ಬೀದಿಯ ಮನುಷ್ಯರಿಗೆ ತೂಕವೇ ಇಲ್ಲ ಎಂದು ನಾನು ಬರೆದಿಟ್ಟುಕೊಳ್ಳುವುದಿಲ್ಲ. ಬರೆದಿಟ್ಟುಕೊಂಡರೆ ಜನ ನನ್ನನ್ನು ಹುಚ್ಚನೆನ್ನುತ್ತಾರೆ. ನೀವು ಬರೆದರೆ ಅಂಕಿಅಂಶ ಎನ್ನುತ್ತಾರೆ.

ಆಗ ಒಳಕೋಣೆಯಿಂದ ತಾವೇ ಹೊರಬಂದಿರಿ. ನೆನಪಿದೆಯೋ ಇಲ್ಲವೋ, ಕೈಯಲ್ಲಿ ಟೀ ಲೋಟವಿತ್ತು. ನನ್ನ ದೂರನ್ನು ನಿಂತೇ ಕೇಳಿ ನಕ್ಕಿರಿ.

"ನಮ್ಮ ಅಂದಾಜು ಎಲ್ಲಿ ತಪ್ಪಾಯ್ತು, ಹೇಳಿ? ಸಿಗೋದು ಕಷ್ಟ ಅಂದ್ವಿ. ಸಿಕ್ತಾ? ಇಲ್ಲ ತಾನೆ?"

ತಾವು ಬೆರಳು ತೋರಿದ ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ವಾರ್ಷಿಕ ವರದಿ ತೂಗುತ್ತಿತ್ತು: 'ನಮ್ಮ ಅಂದಾಜುಗಳಲ್ಲಿ ನೂರಕ್ಕೆ ತೊಂಬತ್ತೇಳು ನಿಜವಾಗಿವೆ.' ಆ ವರ್ಷದ ಎಣಿಕೆಯಲ್ಲಿ ನನ್ನ ಮಗಳೂ ಆ ತೊಂಬತ್ತೇಳರೊಳಗೇ ಬರುತ್ತಾಳೆ ಎಂದು ತಾವು ಹೆಮ್ಮೆಯಿಂದ ತಿಳಿಸಿದಿರಿ. ಕಾಲು ಮುರಿದು ಕೂರಿಸಿ, 'ಇವನು ಓಡಲಾರ ಎಂದು ಮೊದಲೇ ಹೇಳಿದ್ದೆನಲ್ಲ' ಎಂದು ಬೆನ್ನು ತಟ್ಟಿಕೊಳ್ಳುವ ಜ್ಯೋತಿಷ್ಯವನ್ನು ನಾನು ಅಲ್ಲಿಯೇ ಮೊದಲು ಕಂಡದ್ದು.

ಈ ಒಂದು ವರ್ಷ ಅವಳು ನಿಮ್ಮ 'ಖಚಿತ' ಕಾಲೇಜಿಗೆ ಹೋದಳು. ಅಲ್ಲಿನ ಪ್ರಯೋಗಾಲಯದಲ್ಲಿ ಒಂದು ಯಂತ್ರಕ್ಕೆ ನಲವತ್ತು ಮಕ್ಕಳು. ಮುಟ್ಟುವವರು ಇಬ್ಬರು, ನೋಡುವವರು ಉಳಿದವರು. ಜೊತೆಗೇ ಓದಿ ಪ್ರವೇಶ ಪರೀಕ್ಷೆಯನ್ನು ಮತ್ತೆ ಬರೆದಿದ್ದಾಳೆ. ಈ ಸಲ ಚೀಟಿಯ ಸಂಖ್ಯೆ ಇಲ್ಲದೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲವೆಂದು ತಾವು ಹೊಸ ನಿಯಮ ಮಾಡಿದ್ದೀರಿ. ಹೋಗಿ ಚೀಟಿ ತಂದೆವು. ನೂರಕ್ಕೆ ನಾಲ್ಕು! ಎರಡು ಯಾಕೆ ಇಳಿಯಿತೆಂದು ಕೇಳಿದರೆ ಗುಮಾಸ್ತರು ದನಿ ತಗ್ಗಿಸಿ ಹೇಳಿದರು, "ಹೋದ ವರ್ಷಾನೂ ನಿಮ್ಮ ಶಾಲೆಯಿಂದ ಯಾರೂ ಸೇರ್ಲಿಲ್ಲವಲ್ಲ ಸಾರ್."

ಸೇರದೆ ಹೋದವಳು ಅವರ ಎದುರಿಗೇ ನಿಂತಿದ್ದಳು.

ಅವಳು ಕೌಂಟರಿನ ಮುಂದೆಯೇ ಪೆನ್ನು ತೆಗೆದು ಮೂರೂ ಖಾನೆಗಳಲ್ಲಿ ಅದೊಂದೇ ಕಾಲೇಜಿನ ಹೆಸರು ಬರೆದಳು. ಗುಮಾಸ್ತರು ಗಾಬರಿಯಾದರು. "ಹೀಗೆ ಹಾಕಿದ್ರೆ ಎಲ್ಲೂ ಸಿಗದೆ ಹೋಗ್ಬಹುದಮ್ಮ." ಅವಳು ಅರ್ಜಿಯನ್ನು ಒಳಗೆ ತಳ್ಳಿ, "ಹೋಗ್ಲಿ ಸಾರ್. ಹಾಕಿ ಸೋತೆ ಅಂತಾಗುತ್ತೆ" ಎಂದಳು. ನನ್ನ ಮುಖ ನೋಡಲಿಲ್ಲ. ನೋಡದಿದ್ದದ್ದೇ ಒಳ್ಳೆಯದಾಯಿತು, ನನ್ನ ಕಣ್ಣು ಆಗ ಸರಿಯಿರಲಿಲ್ಲ.

ಫಲಿತಾಂಶಕ್ಕೆ ಇನ್ನೂ ಹನ್ನೆರಡು ದಿನ ಇದೆ. ಏನಾಗುತ್ತದೋ ನನಗೆ ತಿಳಿಯದು. ತಮಗೂ ತಿಳಿಯದು ಎಂದು ಒಮ್ಮೆಯಾದರೂ ಬಾಯಿಬಿಟ್ಟು ಹೇಳಿದರೆ ಕಚೇರಿಯ ಗೌರವ ಹೆಚ್ಚೀತೇ ಹೊರತು ಕುಗ್ಗದು. ಸದ್ಯಕ್ಕೆ ನಾನು ಕೇಳುವುದು ಇಷ್ಟೇ. ಇನ್ನುಮುಂದೆ ಚೀಟಿಯಲ್ಲಿ 'ನಿಮ್ಮ ಶಾಲೆಯಿಂದ ಎಷ್ಟು ಜನ ಸೇರಿದರು' ಎನ್ನುವುದರ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, 'ಎಷ್ಟು ಜನ ಕೇಳಿದರು' ಎಂಬುದನ್ನೂ ಅಚ್ಚು ಹಾಕಿಸಿ. ಮತ್ತು ಆ ಗೋಡೆಯ ಮೇಲಿನ ತೊಂಬತ್ತೇಳರಿಂದ ನನ್ನ ಮಗಳನ್ನು ಇಳಿಸಿ. ಅವಳ ಬಗ್ಗೆ ನೀವು ಹೇಳಿದ್ದು ನಿಜವಾಗಲಿಲ್ಲ. ನಾವು ಅದನ್ನು ಪಾಲಿಸಿದೆವು, ಅಷ್ಟೇ.

ಇಂತಿ,
ತಮ್ಮ ಸರಿಯಾದ ಅಂದಾಜೊಂದರ ತಂದೆ