ಹನ್ನೊಂದು ದಿನದ ಬಾಳೆಗೊನೆ

ಜೆಪ್ಪು, ಮಂಗಳೂರು
22 ಸೆಪ್ಟೆಂಬರ್ 2024, ಭಾನುವಾರ

ಪ್ರೀತಿಯ ಮಮ್ಮಿ,

ಫೋನ್ ಇರುವಾಗ ಕಾಗದ ಬರೆಯುತ್ತಿರುವುದಕ್ಕೆ ಸಾರಿ. ಹೆದರಬೇಡ, ಜ್ವರಗಿರ ಏನೂ ಇಲ್ಲ. ಕೊಂಕಣಿಯಲ್ಲಿ ಬರೆದು ನನಗೆ ಅಭ್ಯಾಸವಿಲ್ಲ, ಇಂಗ್ಲಿಷಿನಲ್ಲಿ ಬರೆದರೆ ಲೀವ್ ಲೆಟರಿನ ಹಾಗೆ ಆಗುತ್ತದೆ. ಹಾಗಾಗಿ ಶಾಲೆಯಲ್ಲಿ ಕಲಿತ ಕನ್ನಡ. ನಿನ್ನ ಸೊಂಟನೋವು ಹೇಗಿದೆ? ಡ್ಯೂಟಿ ಮುಗಿಸಿ ಬಂದು ಊಟ ಮಾಡದೆ ಮಲಗಬೇಡ. ನಿನ್ನ ಆಸ್ಪತ್ರೆಯ ನೆಲ್ಲಿ ಆಂಟಿ ರಜೆ ಮುಗಿಸಿ ಮಂಗಳವಾರ ಕುವೈತ್‌ಗೆ ಹೊರಡುತ್ತಾರಂತೆ. ಅವರ ಬ್ಯಾಗಿನಲ್ಲಿ ಉಪ್ಪಿನಕಾಯಿಯ ಪಕ್ಕ ಇದು ಬರುತ್ತದೆ. ಎಣ್ಣೆ ತಾಗಿದರೆ ನನ್ನ ತಪ್ಪಲ್ಲ.

ಹೋದ ವಾರ ಫೋನಿನಲ್ಲಿ ನೀನು, ಮೂವತ್ತನೇ ತಾರೀಕಿಗೆ ಇನ್ನೆರಡು ವರ್ಷದ ಕಾಂಟ್ರಾಕ್ಟ್‌ಗೆ ಸೈನ್ ಮಾಡಲಾ, ಡಿಸೆಂಬರಿಗೆ ಬಂದುಬಿಡಲಾ ಎಂದು ಕೇಳಿದೆ. ನಾನು "ಆಯ್ತು ಮಮ್ಮಿ, ಸೈನ್ ಮಾಡು" ಅಂದೆ. ಆ ವಿಷಯ ಆಮೇಲೆ. ಮೊದಲು ಕ್ಲಾಸಿನಲ್ಲಿ ನನ್ನ ಮಾನ ಹೋದದ್ದನ್ನು ಕೇಳು.

ಡ್ರಾಯಿಂಗ್ ಕಲಿಸುವ ರೂಬನ್ ಸರ್ ಮೊದಲ ದಿನವೇ ಎಲ್ಲರಿಗೂ ಒಂದೊಂದು ಸ್ಕೆಚ್‌ಬುಕ್ ತರಿಸಿದ್ದರು. ದಿನಕ್ಕೆ ಒಂದು ಪುಟ, ಬಾಲ್‌ಪೆನ್ನಿನಲ್ಲಿ. ಅಳಿಸುವ ಹಾಗಿಲ್ಲ, ಹರಿಯುವ ಹಾಗಿಲ್ಲ, ಮೂಲೆಯಲ್ಲಿ ತಾರೀಕು. ನಾನು ಬಕೆಟ್, ಚಪ್ಪಲಿ, ಮೆಸ್ಸಿನ ಸೌಟು ಎಲ್ಲ ಬರೆದೆ. ಮೂವತ್ತನೇ ಪುಟದ ಹೊತ್ತಿಗೆ ಮಗ್ಗಿನ ಹಿಡಿ ಬಿದ್ದುಹೋಗುವ ಹಾಗೆ ಕಾಣುವುದು ನಿಂತಿತು. ಬರೆಯುವ ಆ ಅರ್ಧ ಗಂಟೆ ನನಗೆ ಯಾರೂ ಇಲ್ಲ ಎಂಬುದು ನೆನಪಾಗುತ್ತಿರಲಿಲ್ಲ. ಎದುರಿಗೆ ಒಂದು ಸೌಟಾದರೂ ಇರುತ್ತಿತ್ತಲ್ಲ.

ಎಂಟನೇ ತಾರೀಕು ಮೊಂತಿ ಫೆಸ್ತ್‌ಗೆ, ನಮ್ಮ ತೆನೆಹಬ್ಬಕ್ಕೆ, ಎಲ್ಲರೂ ಅವರವರ ಮನೆಗೆ ಹೋದರು. ಪಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ಬೀಗ, ನಾನೆಲ್ಲಿಗೆ ಹೋಗಲಿ? ವಾರ್ಡನ್ ಸಿಸ್ಟರ್ ಕಾನ್ವೆಂಟಿಗೆ ಕರೆದು ಹೊಸ ಅಕ್ಕಿಯ ಊಟ ಬಡಿಸಿದರು, ಪಾಪ. ರಾತ್ರಿ ಹಾಸ್ಟೆಲಿನಲ್ಲಿ ಒಬ್ಬಳೇ ಉಣ್ಣುವಾಗ, ಮೆಸ್ಸಿನ ಉದ್ದದ ಮೇಜನ್ನೂ ನನ್ನ ಒಂದೇ ತಟ್ಟೆಯನ್ನೂ ಬರೆದೆ. ಮಾರನೆಯ ದಿನದಿಂದ ಪೆನ್ನು ಎತ್ತಲು ಆಗಲಿಲ್ಲ. ಹನ್ನೊಂದು ದಿನ ಹಾಗೇ ಹೋಯಿತು.

ಶುಕ್ರವಾರ ಬುಕ್ ತೋರಿಸಬೇಕಿತ್ತು. ಗುರುವಾರ ಮಧ್ಯಾಹ್ನ ಮೆಸ್ಸಿನ ಬಾಗಿಲಲ್ಲಿ ನೇತಾಡುತ್ತಿದ್ದ ಕದಳಿ ಬಾಳೆಗೊನೆಯನ್ನೇ ಹನ್ನೊಂದು ಕಡೆಯಿಂದ ಬರೆದು, ಹನ್ನೊಂದು ತಾರೀಕು ಹಾಕಿದೆ. ಸರ್ ಒಂದೊಂದೇ ಪುಟ ತಿರುಗಿಸಿ, "ಎಂತ ಮಾರಾಯ್ತಿ, ಹನ್ನೊಂದು ದಿನದಲ್ಲಿ ಒಂದು ಹಣ್ಣೂ ಕಮ್ಮಿ ಆಗ್ಲಿಲ್ವಾ? ನಿಮ್ಮ ಹಾಸ್ಟೆಲಿನ ಹುಡುಗಿಯರು ಅಷ್ಟು ಒಳ್ಳೆಯವರಾ?" ಎಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಆಮೇಲೆ ಮೆಲ್ಲಗೆ, "ಚಿತ್ರ ಚೆಂದ ಉಂಟು. ಆದರೆ ದಿನ ಎಲ್ಲಿ ಉಂಟು?" ಎಂದರು. ಬೈದಿದ್ದರೆ ವಾಸಿಯಿತ್ತು.

ಶಿಕ್ಷೆ ಏನು ಗೊತ್ತಾ? ಫೋಟೋ ನೋಡದೆ ಮನೆಯವರೊಬ್ಬರನ್ನು ಬರೆಯುವುದು. ನಿನ್ನೆ ನಿನ್ನನ್ನು ಬರೆದೆ. ದೊಡ್ಡ ಗಲ್ಲ, ಮೂಗಿನ ಎರಡು ಹೊಳ್ಳೆ, ಹಿಂದೆ ಫ್ಯಾನು, ಹಣೆಯೇ ಇಲ್ಲ. ನೀನು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಅಡಿಗೆ ಮಾಡುತ್ತಾ ಮಾತಾಡುತ್ತೀಯಲ್ಲ, ಹಾಗೆ. ರೂಮ್‌ಮೇಟ್ ಯಶ್ಮಿತಾ ನೋಡಿ, "ಯಾರು ಮಾರಾಯ್ತಿ ಇದು? ಬಾವಿಯ ಒಳಗಿನಿಂದ ನೋಡಿದ ಹಾಗೆ ಉಂಟಲ್ಲ!" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ನಿನ್ನ ಕೈ ಬರೆಯಲು ಕುಳಿತೆ. ದೋಸೆಕಲ್ಲು ತಾಗಿದ ಕಲೆ ಬಲಗೈಯಲ್ಲಿತ್ತಾ, ಎಡಗೈಯಲ್ಲಿತ್ತಾ? ನೆನಪಾಗಲಿಲ್ಲ, ಮಮ್ಮಿ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಇದ್ದೇನಲ್ಲ, ಅದಕ್ಕೇ ಇರಬೇಕು. ಪುಟದಲ್ಲಿ ಕೈಯ ಜಾಗ ಖಾಲಿ ಬಿಟ್ಟು ತಾರೀಕು ಹಾಕಿದೆ. ಈ ತಾರೀಕು ಸುಳ್ಳಲ್ಲ.

ಚರ್ಚಿನ ಗ್ರಾಟೋದಲ್ಲಿ, ಮಾತೆ ಮರಿಯಮ್ಮನ ಎದುರು, ನಿನ್ನ ಹೆಸರಿನಲ್ಲಿ ಮೊಂಬತ್ತಿ ಹಚ್ಚಿದ್ದೇನೆ. ದೇವರು ನಿನ್ನ ಸೊಂಟವನ್ನು ಚೆನ್ನಾಗಿಡಲಿ. ನಿನ್ನ ರೂಮಿನ ಆಂಟಿಯರಿಗೆಲ್ಲ ನನ್ನ ನಮಸ್ಕಾರ ಹೇಳು.

ನಿನ್ನ ಮಗಳು,
ಶರೊನ್

ತಾ.ಕ.: ಕಾಗದ ತೆಗೆದುಕೊಂಡು ಹೋಗಲು ನೆಲ್ಲಿ ಆಂಟಿಯ ರಿಕ್ಷಾ ಬಂತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ದಿನಾ ಫೋನಿನಲ್ಲಿ "ಆರಾಮ, ಊಟ ಆಯ್ತು, ಫ್ರೆಂಡ್ಸ್ ಇದ್ದಾರೆ" ಎನ್ನುತ್ತೇನಲ್ಲ, ಅದೆಲ್ಲ ಆ ಬಾಳೆಗೊನೆಯ ಹಾಗೆ, ಒಂದೇ ದಿನ ಬರೆದಿಟ್ಟದ್ದು. "ಸೈನ್ ಮಾಡು" ಅಂದದ್ದೂ ಅದೇ. ಮಾಡಬೇಡ ಮಮ್ಮಿ. ಡಿಸೆಂಬರಿಗೆ ಬಾ, ನನ್ನ ಎದುರಿಗೆ ಒಂದು ಗಂಟೆ ಕುಳಿತುಕೋ. ಮೂವತ್ತರ ಒಳಗೆ ಉತ್ತರ ಕೊಡು.