ನೀಲಿ ಮುಚ್ಚಳದ ಕೊಳವೆ

ಅಕ್ಕಾ,

ಎದುರಿಗೆ ಹೇಳೋಕೆ ಬಾಯಿ ಬರಲಿಲ್ಲ, ಅದಕ್ಕೇ ಬರೀತಿದ್ದೀನಿ. ಮೆಟ್ಟಿಲ ಮೇಲೆ ಆಡೋಕೆ ಬಿಟ್ಟಿದ್ದಕ್ಕೇ ಪುಟ್ಟಿಯ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತು ಅಂತ ಮೂರು ದಿನದಿಂದ ನಿನ್ನನ್ನ ನೀನೇ ಬೈಕೊಳ್ತಿದ್ದೀಯ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ.

ಅವಳ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟೋಕೆ ರಕ್ತನಾಳಕ್ಕೆ ಚೂರು ಪೆಟ್ಟಾದರೂ ಸಾಕು, ನಿಜ. ಅದಕ್ಕೇ ತಾನೇ ರಕ್ತ ತೆಳು ಮಾಡೋ ಮಾತ್ರೆ ಇದ್ದಿದ್ದು? ಡಾಕ್ಟರು ಅದನ್ನ ನಿಲ್ಲಿಸಿದ್ದು ನನ್ನ ಲ್ಯಾಬಿನ ರಿಪೋರ್ಟ್ ನೋಡಿ.

ಆವತ್ತು ಅವಳ ರಕ್ತ ತೆಗೆಯುವಾಗ, ಹೆಪ್ಪುಗಟ್ಟೋ ಪರೀಕ್ಷೆಗೆ ಅಂತ ಇರೋ ನೀಲಿ ಮುಚ್ಚಳದ ಕೊಳವೆ ಗೆರೆವರೆಗೂ ತುಂಬಲಿಲ್ಲ. ಇನ್ನೊಂದು ಸಲ ಚುಚ್ಚಬೇಕಿತ್ತು. "ಮಾಮ, ಸಾಕು" ಅಂದಳು. ಬೇರೆ ಪರೀಕ್ಷೆಗೆ ತೆಗೆದಿಟ್ಟಿದ್ದ, ನೇರಳೆ ಮುಚ್ಚಳದ ಕೊಳವೆಯಲ್ಲಿದ್ದ ಅವಳದೇ ರಕ್ತವನ್ನ ಸ್ವಲ್ಪ ಸುರಿದು ಗೆರೆ ಮುಟ್ಟಿಸಿದೆ. ನೇರಳೆ ಕೊಳವೆಯಲ್ಲಿರೋ ರಾಸಾಯನಿಕ ಬೆರೆತರೆ ಪರೀಕ್ಷೆಯಲ್ಲಿ ರಕ್ತ ಬೇಗ ಹೆಪ್ಪುಗಟ್ಟಲ್ಲ. ಹೊಸಬರಿಗೆ ಮೊದಲ ದಿನವೇ ಇದನ್ನ ಗದರಿಸಿ ಕಲಿಸೋನು ನಾನೇ. ರಕ್ತ ಅತಿಯಾಗಿ ತೆಳುವಾಗಿದೆ ಅಂತ ರಿಪೋರ್ಟ್ ಬಂತು. ಅನುಮಾನ ಬಂದರೂ ಸಹಿ ಹಾಕಿದೆ.

ಇವತ್ತು ಬೆಳಿಗ್ಗೆ ಡಾಕ್ಟರಿಗೆ ಎಲ್ಲಾ ಹೇಳಿದ್ದೀನಿ. ಇನ್ಮೇಲೆ ಬೇರೆಯವರು ರಕ್ತ ತೆಗೀತಾರೆ. ಎಡಗೈಯಲ್ಲೇ ತೆಗೀರಿ ಅನ್ನು. ಅದಕ್ಕೂ ಮೊದಲು ಬಿಸಿನೀರಲ್ಲಿ ಹಿಂಡಿದ ಬಟ್ಟೆ ಸುತ್ತು, ನರ ಬೇಗ ಸಿಗುತ್ತೆ.

ಇನ್ನೊಂದು ಮಾತು. "ನಮ್ಮ ಮಾಮ ಮಾತ್ರ ಒಂದೇ ಸಲ ಚುಚ್ಚೋದು" ಅಂತ ಪುಟ್ಟಿ ಬಂದ ನರ್ಸಿಗೆಲ್ಲ ಹೇಳ್ತಿದ್ದಾಳೆ. ದಯವಿಟ್ಟು ಹಾಗೆ ಹೇಳಬೇಡ ಅನ್ನು.

ಇಂತಿ,
ಎರಡನೇ ಸಲ ಚುಚ್ಚಬೇಕಿದ್ದ
ನಿನ್ನ ತಮ್ಮ